ಮನೆ ಕೇಳಿದವರಿಗೆ ಮನೆ ಹೊಂದಿಸುವ ಕೆಲಸ

“ಎರಡು ಬೆಡ್‌ರೂಮ್, ಬಾಡಿಗೆ ಇಪ್ಪತ್ತೆರಡು ಸಾವಿರದೊಳಗೆ.” ನಮ್ಮ ಕಚೇರಿಗೆ ಮನೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಇಷ್ಟನ್ನೇ. ಈ ಎರಡು ವಿವರ ಕೊಟ್ಟರೆ ಸಾಫ್ಟ್‌ವೇರ್ ಕಣ್ಣು ಮಿಟುಕಿಸುವುದರೊಳಗೆ ಉದ್ದನೆಯ ಪಟ್ಟಿಯನ್ನು ಮುಂದಿಡುತ್ತದೆ. ಪಟ್ಟಿಯಲ್ಲಿರುವುದೆಲ್ಲ ಎರಡು ಬೆಡ್‌ರೂಮಿನ ಮನೆಗಳೇ, ಎಲ್ಲದರ ಬಾಡಿಗೆಯೂ ಹೇಳಿದ ಮಿತಿಯೊಳಗೇ ಇರುತ್ತದೆ. ಆದರೂ ಅವುಗಳಲ್ಲಿ ಬಹುಪಾಲು ಮನೆಗಳಲ್ಲಿ ಆ ಕುಟುಂಬ ನೆಮ್ಮದಿಯಿಂದ ಇರಲಾರದು. ಬಂದವರು ಹೇಳದೆ ಬಿಟ್ಟ ವಿಷಯಗಳನ್ನು ಕೇಳಿ ತಿಳಿದು, ಅವನ್ನು ಸರಿಯಾದ ಕಾಲಂನಲ್ಲಿ ತುಂಬುವುದೇ ನನ್ನ ಕೆಲಸದ ತಿರುಳು.

ನಾನು ಕೆಲಸ ಮಾಡುವುದು ಬೆಂಗಳೂರಿನ ಉತ್ತರಹಳ್ಳಿ ಕಡೆಯ ಒಂದು ಸಣ್ಣ ರಿಯಲ್ ಎಸ್ಟೇಟ್ ಕಚೇರಿಯಲ್ಲಿ. ಅತ್ತ ಕೆಂಗೇರಿ, ರಾಜರಾಜೇಶ್ವರಿ ನಗರ, ಇತ್ತ ಕೋಣನಕುಂಟೆ, ತಲಘಟ್ಟಪುರ ನಮ್ಮ ಓಡಾಟದ ವ್ಯಾಪ್ತಿ. ಬಾಡಿಗೆ, ಲೀಸ್, ಮಾರಾಟ ಮೂರನ್ನೂ ನೋಡಿಕೊಳ್ಳುತ್ತೇವೆ. ಹಿಂದೆ ಎಲ್ಲ ವಿವರವೂ ನಮ್ಮ ಯಜಮಾನರ ನೋಟ್‌ಬುಕ್ಕಿನಲ್ಲಿತ್ತು. ನೋಟ್‌ಬುಕ್ಕಿಗಿಂತ ಹೆಚ್ಚಾಗಿ ಅವರ ತಲೆಯಲ್ಲಿತ್ತು. ಯಾವ ಬೀದಿಯ ಯಾವ ಮನೆಯ ಸಂಪು ಎಷ್ಟು ದೊಡ್ಡದು, ಯಾವ ಮಾಲೀಕರು ಅಡ್ವಾನ್ಸ್ ಹಣವನ್ನು ತಕರಾರಿಲ್ಲದೆ ಹಿಂದಿರುಗಿಸುತ್ತಾರೆ ಎಂಬುದನ್ನೆಲ್ಲ ಅವರು ಬಾಯಿಪಾಠವಾಗಿ ಹೇಳಬಲ್ಲರು. ಅವರು ಊರಿಗೆ ಹೋದ ದಿನ ಮಾತ್ರ ಕಚೇರಿಗೆ ಬಂದವರು ಬರಿಗೈಯಲ್ಲಿ ಹೋಗಬೇಕಾಗುತ್ತಿತ್ತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ಮನೆಗಳ ಚಿತ್ರಗಳಂತೂ ಸಂಜೆಯೊಳಗೆ ಮೇಲಕ್ಕೆ ಸರಿದು ಕಣ್ಮರೆಯಾಗುತ್ತಿದ್ದವು. ಹೀಗಾಗಿ ಕಚೇರಿಗೆ ಸಾಫ್ಟ್‌ವೇರ್ ಬಂತು. ಒಂದು ಬದಿಯಲ್ಲಿ ಮನೆಗಳು, ಇನ್ನೊಂದು ಬದಿಯಲ್ಲಿ ಮನೆ ಹುಡುಕುವವರು, ನಡುವೆ ‘ಹೊಂದಿಸು’ ಎಂಬ ಗುಂಡಿ. ತರಬೇತಿ ಕೊಡಲು ಬಂದ ಹುಡುಗ ಮಾದರಿ ಮಾಹಿತಿ ಹಾಕಿ ಆ ಗುಂಡಿ ಒತ್ತಿ ತೋರಿಸಿದಾಗ ಎಲ್ಲವೂ ಸಲೀಸಾಗಿ ಕಂಡಿತು. ನಮ್ಮ ಬಡಾವಣೆಗಳ ನಿಜವಾದ ಮನೆಗಳನ್ನು ತುಂಬತೊಡಗಿದ ಮೇಲೆಯೇ ಕೆಲಸದ ಆಳ ಅರಿವಾದದ್ದು.

ಮೊದಲ ತೊಡಕು ಅಳತೆಯದು. ಸ್ವತಂತ್ರ ಮನೆಯ ಮಾಲೀಕರು “ಹನ್ನೆರಡು ಚದರದ ಮನೆ” ಎನ್ನುತ್ತಾರೆ. ಒಂದು ಚದರಕ್ಕೆ 100 ಚದರ ಅಡಿ, ಅಂದರೆ 1,200 ಚದರ ಅಡಿ. ಅಪಾರ್ಟ್‌ಮೆಂಟಿನವರೂ 1,200 ಚದರ ಅಡಿ ಎನ್ನುತ್ತಾರೆ, ಆದರೆ ಅವರ ಲೆಕ್ಕದಲ್ಲಿ ಮೆಟ್ಟಿಲು, ಲಿಫ್ಟ್, ಓಣಿ, ಕ್ಲಬ್‌ಹೌಸ್‌ಗಳ ಪಾಲೂ ಸೇರಿರುತ್ತದೆ. ಬಾಗಿಲು ತೆರೆದು ಒಳಗೆ ಹೋದರೆ ಸಿಗುವ ಜಾಗ 900 ಚದರ ಅಡಿಗಿಂತ ಕಡಿಮೆ ಇದ್ದರೂ ಅಚ್ಚರಿಯಿಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ರೇರಾ ಎನ್ನುವುದು, ಕಾರ್ಪೆಟ್ ಏರಿಯಾ ಎಂದರೇನು ಎಂಬುದನ್ನು ಸ್ಪಷ್ಟವಾಗಿ ಹೇಳಿದೆ: ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಬಿಟ್ಟು, ಒಳಗಿನ ಕೋಣೆಗಳ ನಡುವಣ ಗೋಡೆಗಳನ್ನು ಸೇರಿಸಿಕೊಂಡು ಬಳಕೆಗೆ ಸಿಗುವ ನೆಲ. ನಾವು ಎಲ್ಲ ಮನೆಗಳಿಗೂ ಇದೊಂದೇ ಅಳತೆ ಎಂದು ನಿರ್ಧರಿಸಿದೆವು. ಟೇಪ್ ಹಿಡಿದು ಮನೆಮನೆಗೆ ಹೋದಾಗ ಕೆಲವು ಮಾಲೀಕರು ಮುನಿಸಿಕೊಂಡರು. “ಇಷ್ಟು ವರ್ಷ ಯಾರೂ ಅಳೆದಿರಲಿಲ್ಲವಲ್ಲಮ್ಮ” ಎಂದರು. ಅಳೆಯದೆ ಹೋಲಿಸಿದರೆ ಸಾಫ್ಟ್‌ವೇರ್ ಚಿಕ್ಕ ಮನೆಯನ್ನು ದೊಡ್ಡದರ ಮೇಲೆ ಕೂರಿಸುತ್ತದೆ. ದಿನವಿಡೀ ಬಿಸಿಲಲ್ಲಿ ಅಲೆದು ಮನೆ ನೋಡುವವರಿಗೆ ಅದು ಅನ್ಯಾಯ.

ಎರಡನೆಯದು ನೀರು. ತಯಾರಾಗಿ ಬಂದ ಸಾಫ್ಟ್‌ವೇರ್‌ನಲ್ಲಿ ಈಜುಕೊಳಕ್ಕೆ ಕಾಲಂ ಇತ್ತು, ಕುಡಿಯುವ ನೀರಿಗೆ ಇರಲಿಲ್ಲ. 2024ರ ಬೇಸಿಗೆಯನ್ನು ಬೆಂಗಳೂರಿನಲ್ಲಿ ಕಳೆದ ಯಾರೂ ನೀರಿನ ಮಾತೆತ್ತದೆ ಮನೆ ಗೊತ್ತು ಮಾಡುವುದಿಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಾಗಿ ಜನ ಕಾದು ಕುಳಿತ ದಿನಗಳವು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ ಕಾರ್ಯರೂಪಕ್ಕೆ ಬಂತು. ಆದರೆ ಬೀದಿಗೆ ಕೊಳವೆ ಬಂದ ಮಾತ್ರಕ್ಕೆ ಮನೆಯ ನಲ್ಲಿಗೆ ಬಂದಂತಾಗುವುದಿಲ್ಲ. ಸಂಪರ್ಕವನ್ನೇ ಪಡೆಯದ ಕಟ್ಟಡಗಳು ಇನ್ನೂ ಇವೆ. ಆದ್ದರಿಂದ ನಾವೇ ಕಾಲಂಗಳನ್ನು ಸೇರಿಸಿದೆವು. ಕಾವೇರಿ ಸಂಪರ್ಕ ಇದೆಯೇ, ವಾರದಲ್ಲಿ ಎಷ್ಟು ದಿನ ನೀರು ಬಿಡುತ್ತಾರೆ, ಬೋರ್‌ವೆಲ್ ಇದ್ದರೆ ಎಷ್ಟು ಮನೆಗಳಿಗೆ, ಹಿಂದಿನ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೇ, ಅದರ ಹಣ ಕೊಟ್ಟವರು ಯಾರು. ಕೊನೆಯ ಪ್ರಶ್ನೆಯನ್ನು ನಾನು ಮಾಲೀಕರ ಬಳಿ ಕೇಳಿ ಸುಮ್ಮನಾಗುವುದಿಲ್ಲ, ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಬಾಡಿಗೆಗೆ ಇರುವವರನ್ನೂ ಕೇಳುತ್ತೇನೆ.

ಮಾರಾಟದ ಮನೆಗಳಿಗೆ ಕಾಗದಪತ್ರಗಳ ಕಾಲಂ ಬೇರೆ. ಪಾಲಿಕೆಯ ಆಸ್ತಿ ದಾಖಲೆ ಎ-ಖಾತಾವೋ (ಕ್ರಮಬದ್ಧ ಆಸ್ತಿ) ಬಿ-ಖಾತಾವೋ (ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿ), ಅದರ ಡಿಜಿಟಲ್ ರೂಪವಾದ ಇ-ಖಾತಾ ಆಗಿದೆಯೇ, ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಒಸಿ ಎನ್ನುವುದು, ಸಿಕ್ಕಿದೆಯೇ. ಇವು ಖಾಲಿ ಇದ್ದರೆ ಆ ಮನೆಯನ್ನು ಯಾರೊಂದಿಗೂ ಹೊಂದಿಸಬಾರದು ಎಂದು ಸಾಫ್ಟ್‌ವೇರ್‌ಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ. ಬಿ-ಖಾತಾ ಆಸ್ತಿಗೆ ಬಹುತೇಕ ದೊಡ್ಡ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಒಸಿ ಪರಿಶೀಲಿಸಿದ ಮೇಲೆಯೇ ಸಾಲ ಕೊಡಬೇಕು, ಒಸಿ ಇದ್ದರೆ ಮಾತ್ರ ನೀರು, ವಿದ್ಯುತ್ ಸಂಪರ್ಕ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಆ ಕಾಲಂ ಇನ್ನಷ್ಟು ಮುಖ್ಯವಾಯಿತು. ಸಾಲ ಮಾಡಿ ಕೊಳ್ಳುವವರಿಗೆ ಸಾಲವೇ ಸಿಗದ ಮನೆಯನ್ನು ತೋರಿಸಿ ಆಸೆ ಹುಟ್ಟಿಸುವುದು ಕ್ರೌರ್ಯ ಎಂದು ನಾನು ನಂಬಿದ್ದೇನೆ. ನಿರ್ಮಾಣದ ಹಂತದಲ್ಲಿರುವ ಯೋಜನೆಯಾದರೆ ರೇರಾ ನೋಂದಣಿ ಸಂಖ್ಯೆ ಬೇಕೇ ಬೇಕು. ನೋಂದಾಯಿತ ಯೋಜನೆಯ ಮನೆಗಳನ್ನು ಮಾರಿಸಿಕೊಡುವ ಏಜೆಂಟರೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು ಎಂಬುದು ಮನೆ ಹುಡುಕುವ ಎಷ್ಟೋ ಜನರಿಗೆ ತಿಳಿದಿಲ್ಲ. ಕೇಳಿ ನೋಡುವ ಹಕ್ಕು ನಿಮಗಿದೆ.

ಇನ್ನು ಮನೆ ಹುಡುಕುವವರ ಬದಿ. ಸಾಫ್ಟ್‌ವೇರ್‌ನ ಬೇಡಿಕೆ ಫಾರಂನಲ್ಲಿ ಪ್ರತಿಯೊಂದು ಅಂಶದ ಎದುರೂ ಮೂರು ಆಯ್ಕೆಗಳಿವೆ: ಬೇಕೇ ಬೇಕು, ಇದ್ದರೆ ಒಳ್ಳೆಯದು, ಖಂಡಿತ ಬೇಡ. ಮೊದಲನೆಯದು ಮತ್ತು ಮೂರನೆಯದು ಮನೆಗಳನ್ನು ಪಟ್ಟಿಯಿಂದಲೇ ತೆಗೆದುಹಾಕುತ್ತವೆ, ನಡುವಿನದು ಅಂಕ ಕೊಡುತ್ತದೆ. ಫಾರಂ ಅನ್ನು ಬಂದವರ ಕೈಗೇ ಕೊಟ್ಟರೆ ಎಲ್ಲದಕ್ಕೂ ‘ಬೇಕೇ ಬೇಕು’ ಎಂದು ಗುರುತು ಹಾಕುತ್ತಾರೆ. ಹಣ ಕೊಡುವವರು ಅವರು, ಹಾಗೆ ಕೇಳುವುದು ಸಹಜ. ಆದ್ದರಿಂದ ನಾನು ಫಾರಂ ಪಕ್ಕಕ್ಕಿಟ್ಟು ಮಾತಿಗೆ ಕೂರುತ್ತೇನೆ. ನನ್ನ ಮೊದಲ ಪ್ರಶ್ನೆ, “ಈಗಿರುವ ಮನೆಯನ್ನು ಏಕೆ ಬಿಡುತ್ತಿದ್ದೀರಿ?”

ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಅರ್ಧ ಫಾರಂ ತುಂಬಿಬಿಡುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಪತ್ನಿಯೊಂದಿಗೆ ಬಂದಿದ್ದರು. ಪೂರ್ವ ದಿಕ್ಕಿನ ಬಾಗಿಲು, ದೇವರ ಕೋಣೆ, ಶಾಂತವಾದ ಬೀದಿ ಎಂದು ಹೇಳುತ್ತಾ ಹೋದರು. ಈಗಿನ ಮನೆ ಏಕೆ ಬೇಡ ಎಂದು ಕೇಳಿದಾಗ ಮೇಷ್ಟ್ರು “ಬಾಡಿಗೆ ಹೆಚ್ಚು ಮಾಡಿದರು” ಎಂದರು. ಅಮ್ಮ ಮಾತ್ರ ಮೆಲ್ಲಗೆ, “ಮೂರನೇ ಮಹಡಿ. ನಾನು ಕೆಳಗಿಳಿದು ಎಷ್ಟೋ ದಿನವಾಯಿತು. ತರಕಾರಿಯನ್ನೂ ಇವರೇ ತರುತ್ತಾರೆ” ಎಂದರು. ಮಂಡಿ ನೋವಿನ ಮಾತು ಅಲ್ಲಿಯವರೆಗೆ ಬಂದೇ ಇರಲಿಲ್ಲ. ನಮ್ಮ ಕಡೆಯ ಮೂವತ್ತು-ನಲವತ್ತು ಅಡಿಯ ಸೈಟುಗಳಲ್ಲಿ ಮೂರು ನಾಲ್ಕು ಮಹಡಿ ಎಬ್ಬಿಸಿದ ಕಟ್ಟಡಗಳೇ ಹೆಚ್ಚು, ಬಹಳ ಕಡೆ ಲಿಫ್ಟ್ ಇಲ್ಲ. ಹಾಗಾಗಿ ‘ನೆಲಮಹಡಿ ಅಥವಾ ಲಿಫ್ಟ್’ ಎಂಬುದು ‘ಬೇಕೇ ಬೇಕು’ ಆಯಿತು. ಲಿಫ್ಟ್ ಇದ್ದರೆ ಕರೆಂಟ್ ಹೋದಾಗ ಜನರೇಟರ್‌ನಿಂದ ನಡೆಯುತ್ತದೆಯೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ನೆಲಮಹಡಿಯಾದರೂ ಗೇಟಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಬರೆಯತೊಡಗಿದ್ದು ಆ ಅಮ್ಮನ ಕಾರಣದಿಂದ.

ಎಲ್ಲ ಷರತ್ತುಗಳನ್ನೂ ಹಾಕಿ ಗುಂಡಿ ಒತ್ತಿದಾಗ ಪರದೆಯ ಮೇಲೆ ‘ಸೊನ್ನೆ’ ಎಂದು ಬಂತು. ಅಂಥ ಹೊತ್ತಿನಲ್ಲಿ ಮೇಜಿನಾಚೆ ಕುಳಿತವರ ಮುಖ ಕಳೆಗುಂದುತ್ತದೆ. ನಮ್ಮ ಸಾಫ್ಟ್‌ವೇರ್‌ನ ಗುಣಗಳಲ್ಲಿ ನಾನು ಹೆಚ್ಚು ಮೆಚ್ಚುವುದು ಇಲ್ಲೇ ಕೆಲಸಕ್ಕೆ ಬರುತ್ತದೆ. ಯಾವ ಷರತ್ತನ್ನು ಸಡಿಲಿಸಿದರೆ ಎಷ್ಟು ಮನೆ ಸಿಗುತ್ತದೆ ಎಂದು ಅದು ಸಾಲು ಸಾಲಾಗಿ ತೋರಿಸುತ್ತದೆ. ಬಾಡಿಗೆ ಎರಡು ಸಾವಿರ ಏರಿಸಿದರೆ ಒಂದು ಮನೆ, ಬಡಾವಣೆಯ ಗಡಿ ಹಿಗ್ಗಿಸಿದರೆ ಎರಡು, ಪೂರ್ವ ದಿಕ್ಕನ್ನು ಬಿಟ್ಟರೆ ನಾಲ್ಕು. ನಾನು ಪರದೆಯನ್ನು ಅವರ ಕಡೆಗೆ ತಿರುಗಿಸಿ ಇಟ್ಟೆ, ಏನನ್ನೂ ಹೇಳಲಿಲ್ಲ. ಯಾವುದನ್ನು ಬಿಟ್ಟುಕೊಡಬೇಕು ಎಂಬುದು ಆ ಮನೆಯಲ್ಲಿ ಬಾಳುವವರ ತೀರ್ಮಾನ, ಬ್ರೋಕರ್ ಅದರಲ್ಲಿ ಬಾಯಿ ಹಾಕಬಾರದು. ದಂಪತಿ ತಮ್ಮೊಳಗೆ ಮಾತನಾಡಿಕೊಂಡರು. “ಉತ್ತರದ ಬಾಗಿಲೂ ಆಗಬಹುದು, ಕುಬೇರನ ದಿಕ್ಕು” ಎಂದು ಮೇಷ್ಟ್ರೇ ಹೇಳಿದರು. ಅವರು ಕೊನೆಗೆ ಒಪ್ಪಿದ್ದು ಉತ್ತರದ ಬಾಗಿಲಿನ, ನೆಲಮಹಡಿಯ ಮನೆಯನ್ನು. ಅಡುಗೆಮನೆಯ ಕಿಟಕಿಯಿಂದ ಬೀದಿ ಕಾಣುತ್ತದೆ ಎಂಬುದು ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿತು. ‘ಅಡುಗೆಮನೆಯಿಂದ ಏನು ಕಾಣುತ್ತದೆ’ ಎಂಬುದು ಈಗ ನಮ್ಮ ಟಿಪ್ಪಣಿಯಲ್ಲಿ ಇರುತ್ತದೆ.

ಬಾಡಿಗೆಯ ಹೊಂದಾಣಿಕೆಯಲ್ಲಿ ತಿಂಗಳ ಬಾಡಿಗೆಗಿಂತ ಅಡ್ವಾನ್ಸ್ ಹೆಚ್ಚು ಕಾಡುತ್ತದೆ. ಇಪ್ಪತ್ತೆರಡು ಸಾವಿರದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ 2.2 ಲಕ್ಷ ರೂಪಾಯಿ ಒಮ್ಮೆಗೇ ಬೇಕು. ಮೊದಲ ತಿಂಗಳ ಬಾಡಿಗೆ, ನಮ್ಮ ಕಮಿಷನ್, ಸಾಮಾನು ಸಾಗಿಸುವ ಖರ್ಚು ಬೇರೆ. ಹಳೆಯ ಮನೆಯ ಅಡ್ವಾನ್ಸ್ ಕೈಗೆ ಬರುವುದು ಆ ಮನೆ ಖಾಲಿ ಮಾಡಿದ ಮೇಲೆ, ಸುಣ್ಣ-ಬಣ್ಣದ ಹಣ ಮುರಿದುಕೊಂಡು. ಈ ನಡುವಿನ ದಿನಗಳನ್ನು ದಾಟಲು ಜನ ಒಡವೆ ಅಡವಿಡುವುದನ್ನು ನೋಡಿದ್ದೇನೆ. ಅದಕ್ಕೆ ಬಾಡಿಗೆಯ ಮಿತಿಯ ಜೊತೆಗೆ ‘ಮನೆ ಸೇರುವ ದಿನ ಕೈಯಲ್ಲಿರುವ ಹಣ’ ಎಂಬ ಕಾಲಂ ಇಟ್ಟು, ಅದನ್ನೂ ಮೀರದ ಮನೆಗಳನ್ನಷ್ಟೇ ಹೊಂದಿಸುತ್ತೇವೆ. ಐದು ತಿಂಗಳ ಅಡ್ವಾನ್ಸ್‌ಗೆ ಒಪ್ಪುವ ಮಾಲೀಕರ ಮನೆಗಳು ಹೀಗೆ ತಾವಾಗಿಯೇ ಮೇಲೆ ಬರುತ್ತವೆ, ಬೇಗ ತುಂಬುತ್ತವೆ. ಇದನ್ನು ಉಳಿದ ಮಾಲೀಕರಿಗೂ ತೋರಿಸಿ ಕೆಲವರ ಮನ ಒಲಿಸಿದ್ದೇವೆ.

ಕೊಳ್ಳುವವರ ಲೆಕ್ಕ ಇನ್ನೂ ಸೂಕ್ಷ್ಮ. ಹಾಸನದ ಕಡೆಯ ದಂಪತಿ ಫ್ಲ್ಯಾಟ್ ಕೇಳಿಕೊಂಡು ಬಂದರು. ಆಕೆಗೆ ಜಯನಗರದ ಶಾಲೆಯಲ್ಲಿ ಕೆಲಸ, ಆತನಿಗೆ ಬಿಡದಿಯ ಕಾರ್ಖಾನೆಯಲ್ಲಿ. ಬಜೆಟ್ 70 ಲಕ್ಷ ಎಂದರು. ಆ ಅಂಕಿ ಎಲ್ಲಿಂದ ಬಂತೆಂದು ಕೇಳಿದೆ. ಬ್ಯಾಂಕಿನವರು 55 ಲಕ್ಷದವರೆಗೆ ಸಾಲ ಸಿಗಬಹುದು ಎಂದಿದ್ದಾರೆ, ಕೂಡಿಟ್ಟದ್ದು 15 ಲಕ್ಷವಿದೆ, ಒಟ್ಟು ಎಪ್ಪತ್ತು. ಸರಳವಾದ ಕೂಡುವ ಲೆಕ್ಕ, ಬಹಳ ಮಂದಿ ಹೀಗೆಯೇ ಲೆಕ್ಕ ಹಾಕುತ್ತಾರೆ. ನಾನು ಕಾಗದ ತೆಗೆದುಕೊಂಡು ಅವರೆದುರೇ ಬರೆದೆ. 45 ಲಕ್ಷ ಮೀರಿದ ಆಸ್ತಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರ ಪ್ರದೇಶದಲ್ಲಿ ಶೇ 2 ಸರ್ಚಾರ್ಜ್. ಸೇರಿಸಿದರೆ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಅಲ್ಲಿಗೆ ಶೇ 7.6. ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ದರ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದನ್ನು ಕಟ್ಟಬೇಕು. 70 ಲಕ್ಷದ ಮನೆಗೆ ಇದೇ 5.32 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ 80 ಮೀರುವಂತಿಲ್ಲ, ಮತ್ತು ಆ ಬೆಲೆಯೊಳಗೆ ಮುದ್ರಾಂಕ, ನೋಂದಣಿ ಖರ್ಚನ್ನು ಸೇರಿಸುವಂತಿಲ್ಲ. ಅಂದರೆ ಬೆಲೆಯ ಶೇ 20 ಮತ್ತು ಈ ಶೇ 7.6, ಒಟ್ಟು ಶೇ 27.6 ಸ್ವಂತ ಕೈಯಿಂದ ಹೋಗಬೇಕು. 15 ಲಕ್ಷ ಇರುವವರಿಗೆ ಎಟಕುವ ಬೆಲೆ 54 ಲಕ್ಷ.

ಇಬ್ಬರೂ ಆ ಕಾಗದವನ್ನು ಬಹಳ ಹೊತ್ತು ನೋಡುತ್ತಾ ಕುಳಿತರು. ಎಪ್ಪತ್ತು ಎಂದು ಮನಸ್ಸಿನಲ್ಲಿ ಮನೆ ಕಟ್ಟಿಕೊಂಡು ಬಂದವರಿಗೆ ಐವತ್ತನಾಲ್ಕು ಎನ್ನುವುದು ನೋವಿನ ಮಾತು. ಆದರೆ 70 ಎಂದು ಫಾರಂನಲ್ಲಿ ಹಾಕಿದ್ದರೆ ಸಾಫ್ಟ್‌ವೇರ್ ವಿಧೇಯವಾಗಿ ಅದೇ ಬೆಲೆಯ ಚಂದದ ಫ್ಲ್ಯಾಟ್‌ಗಳನ್ನು ತೋರಿಸುತ್ತಿತ್ತು. ಅವರು ಒಂದನ್ನು ಮೆಚ್ಚಿ, ಟೋಕನ್ ಕೊಟ್ಟು, ನೋಂದಣಿಯ ಹೊತ್ತಿಗೆ ನಾಲ್ಕೈದು ಲಕ್ಷಕ್ಕಾಗಿ ಕೈಸಾಲ ಹುಡುಕಬೇಕಾಗುತ್ತಿತ್ತು. ಬಜೆಟ್ ಕಾಲಂನಲ್ಲಿ ಬೀಳಬೇಕಾದದ್ದು ಮನೆಯ ಬೆಲೆ, ಜನ ಹೇಳುವುದು ತಮ್ಮ ಒಟ್ಟು ಶಕ್ತಿ. ಈ ಎರಡನ್ನು ಬೇರೆ ಮಾಡಿ ಕೇಳದ ಏಜೆಂಟ್ ಎಷ್ಟೇ ದುಬಾರಿ ಸಾಫ್ಟ್‌ವೇರ್ ಇಟ್ಟುಕೊಂಡರೂ ಜನರಿಗೆ ಉಪಕಾರ ಮಾಡಲಾರ. ನಿರ್ಮಾಣದ ಹಂತದಲ್ಲಿರುವ ಈ ಬೆಲೆಯ ಫ್ಲ್ಯಾಟ್‌ಗೆ ಶೇ 5 ಜಿಎಸ್‌ಟಿ ಬೇರೆ ಬೀಳುತ್ತದೆ, ಒಸಿ ಸಿಕ್ಕಿದ ಸಿದ್ಧ ಮನೆಗೆ ಅದು ಇಲ್ಲ. ಆದ್ದರಿಂದ ಹುಡುಕಾಟವನ್ನು ಸಿದ್ಧ ಮನೆಗಳಿಗೆ, ಅದರಲ್ಲೂ ಒಮ್ಮೆ ಕೈ ಬದಲಿಸಿದ ಮನೆಗಳಿಗೆ ಸೀಮಿತಗೊಳಿಸಿದೆವು.

ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಉಳಿದಿತ್ತು. ಸಾಫ್ಟ್‌ವೇರ್ ನಕ್ಷೆಯ ಮೇಲೆ ಒಂದು ಬಿಂದು ಇಟ್ಟು ವೃತ್ತ ಎಳೆಯುತ್ತದೆ, ಅದರೊಳಗೆ ಬಿದ್ದದ್ದೆಲ್ಲ ‘ಹತ್ತಿರ’ ಎನ್ನುತ್ತದೆ. ನಮ್ಮ ಕಡೆ ಇದು ನಡೆಯುವುದಿಲ್ಲ. ವಾಜರಹಳ್ಳಿ ಮೆಟ್ರೊ ನಿಲ್ದಾಣದ ಸುತ್ತ ವೃತ್ತ ಎಳೆದು ನೋಡಿ, ಬನಶಂಕರಿ 6ನೇ ಹಂತದ ಮನೆಗಳೂ ಅದರೊಳಗೆ ಬರುತ್ತವೆ. ನಡುವೆ ತುರಹಳ್ಳಿ ಕಾಡಿದೆ. ಹಕ್ಕಿಗೆ ಅದು ಹತ್ತಿರ, ಸ್ಕೂಟರಿಗೆ ಕಾಡನ್ನು ಸುತ್ತಿಕೊಂಡು ಹೋಗುವ ದಾರಿ. ಬರೀ ‘ಬನಶಂಕರಿ’ ಎಂದು ಬರೆದುಕೊಂಡರೆ ಎರಡನೇ ಹಂತಕ್ಕೂ ಆರನೇ ಹಂತಕ್ಕೂ ಇರುವ ದೂರ ಮರೆತುಹೋಗುತ್ತದೆ. ಹೀಗಾಗಿ ವೃತ್ತವನ್ನು ಬಿಟ್ಟು ನಕ್ಷೆಯ ಮೇಲೆ ಕೈಯಿಂದಲೇ ಗಡಿ ಎಳೆಯುತ್ತೇನೆ. ಕಾಡಿನ ಅಂಚು, ರೈಲು ಹಳಿ, ನೈಸ್ ರಸ್ತೆ ಇವೇ ನಮ್ಮ ಗಡಿಗಳು. ಹಾಸನದ ದಂಪತಿಗೆ ಎರಡು ಕೆಲಸದ ಸ್ಥಳಗಳಿಂದಲೂ ಅಳೆಯಬೇಕಿತ್ತು. ಬಿಡದಿಗೆ ಮೈಸೂರು ರಸ್ತೆ, ಜಯನಗರಕ್ಕೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ಮೆಟ್ರೊ. ಎರಡಕ್ಕೂ ಹೊಂದುವ ಪಟ್ಟಿ ಕೆಂಗೇರಿ ಉಪನಗರದ ಸುತ್ತ ಸಿಕ್ಕಿತು. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಬಹುದಾದ, 53 ಲಕ್ಷದ ಹಳೆಯ ಫ್ಲ್ಯಾಟ್ ಒಂದನ್ನು ಅವರು ಕೊಂಡರು. ಈಜುಕೊಳ, ಕ್ಲಬ್‌ಹೌಸ್ ಏನೂ ಇಲ್ಲ; ಇ-ಖಾತಾ, ಒಸಿ, ಕಾವೇರಿ ನೀರು ಮೂರೂ ಇವೆ. ಆಸ್ತಿಯ ಮೇಲೆ ಸಾಲ, ವ್ಯವಹಾರಗಳೇನಿವೆ ಎಂದು ತಿಳಿಸುವ ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ತೆಗೆಸಿ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಿದ್ದು, ಬೆಲೆ 50 ಲಕ್ಷ ದಾಟಿದ್ದರಿಂದ ಮಾರುವವರ ಹಣದಲ್ಲಿ ಶೇ 1 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ, ಹಿಡಿದು ಕಟ್ಟಿದ್ದು ಎಲ್ಲ ಕ್ರಮದಂತೆ ನಡೆಯಿತು.

ಮನೆ ತೋರಿಸಿ ಬಂದ ಮೇಲೆ ಏಕೆ ಬೇಡವೆಂದರು ಎಂಬುದನ್ನು ಬರೆದುಕೊಳ್ಳುವುದು ನನ್ನ ಮಟ್ಟಿಗೆ ಹೊಂದಿಸುವಷ್ಟೇ ಮುಖ್ಯ. ‘ಇಷ್ಟವಾಗಲಿಲ್ಲ’ ಎಂಬ ಉತ್ತರಕ್ಕೆ ಸಾಫ್ಟ್‌ವೇರ್‌ನಲ್ಲಿ ಜಾಗ ಇತ್ತು, ನಾವು ಅದನ್ನು ತೆಗೆಸಿದೆವು. ಕತ್ತಲೆ, ವಾಸನೆ, ಪಕ್ಕದ ಕಟ್ಟಡದ ಗೋಡೆ ಕಿಟಕಿಗೆ ಅಂಟಿದೆ, ಕಾರು ತಿರುಗುವುದಿಲ್ಲ, ಬಟ್ಟೆ ಒಣಗಿಸಲು ಜಾಗವಿಲ್ಲ, ಮಾಲೀಕರ ಮಾತಿನ ರೀತಿ ಹಿಡಿಸಲಿಲ್ಲ, ಹೀಗೆ ನಿರ್ದಿಷ್ಟ ಕಾರಣವೇ ಬೇಕು. ಮನೆ ತೋರಿಸಿ ಹೊರಬರುವಾಗ ಗೇಟಿನ ಬಳಿಯೇ ಕೇಳಿಬಿಡಬೇಕು, ಮರುದಿನ ಫೋನ್‌ನಲ್ಲಿ ಕೇಳಿದರೆ ಸೌಜನ್ಯದ ಉತ್ತರವಷ್ಟೇ ಸಿಗುತ್ತದೆ. ಒಂದೇ ಮನೆಯನ್ನು ಬೇರೆ ಬೇರೆ ಜನ ಒಂದೇ ಕಾರಣಕ್ಕೆ ಬೇಡವೆಂದರೆ ಮಾಲೀಕರಿಗೆ ಆ ಪುಟವನ್ನು ತೋರಿಸುತ್ತೇನೆ. ಒಬ್ಬರು ಬಚ್ಚಲುಮನೆಯ ತೇವ ಸರಿಪಡಿಸಿದರು, ಬಹುಕಾಲ ಖಾಲಿಯಿದ್ದ ಆ ಮನೆಗೆ ಬಾಡಿಗೆದಾರರು ಬಂದರು.

ಹೊಸ ಮನೆ ಬಂದಾಗ ಇದೇ ಗುಂಡಿ ಹಿಮ್ಮುಖವಾಗಿ ಕೆಲಸ ಮಾಡುತ್ತದೆ, ಆ ಮನೆಗೆ ಯಾರು ಯಾರು ಹೊಂದುತ್ತಾರೆ ಎಂದು ಸಾಲಾಗಿ ತೋರಿಸುತ್ತದೆ. ಎಲ್ಲರಿಗೂ ಒಟ್ಟಿಗೇ ಸಂದೇಶ ಕಳುಹಿಸುವ ಸೌಲಭ್ಯವೂ ಇದೆ. ಅದನ್ನು ನಾವು ಬಳಸುವುದಿಲ್ಲ. ಒಂದೇ ಮನೆಯ ಮುಂದೆ ಹಲವು ಕುಟುಂಬಗಳು ನಿಂತರೆ ಮಾಲೀಕರು ಅಲ್ಲಿಯೇ ಬಾಡಿಗೆ ಏರಿಸುತ್ತಾರೆ, ನಮ್ಮನ್ನು ನಂಬಿ ಬಂದವರಿಗೆ ನಾವೇ ಪೈಪೋಟಿ ತಂದಿಟ್ಟಂತಾಗುತ್ತದೆ. ಹೆಚ್ಚು ಹೊಂದುವ ಎರಡು ಮೂರು ಕುಟುಂಬಗಳಿಗೆ ಒಬ್ಬರಾದ ಮೇಲೆ ಒಬ್ಬರಂತೆ ಫೋನ್ ಮಾಡುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರಬೇಕು.

ಕಲಬುರಗಿ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ನಮ್ಮ ಪ್ರದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದು ಬೆಡ್‌ರೂಮ್ ಮನೆ ಬೇಕಿತ್ತು. ವಿವರಗಳನ್ನು ಹಾಕಿದಾಗ ಒಂದು ಮನೆ ಎಲ್ಲ ಅಂಶದಲ್ಲೂ ಹೊಂದಿತು, ಬಾಡಿಗೆ, ಅಡ್ವಾನ್ಸ್, ದೂರ ಎಲ್ಲವೂ. ಮಾಲೀಕರಿಗೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿ ಕೆಲಸ ಎಂದಾಗ “ಬಹಳ ಒಳ್ಳೆಯದು, ಕಳುಹಿಸಿ” ಎಂದರು. ಹೆಸರು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಂಗಿಯ ಮಗ ಬರುವವನಿದ್ದಾನೆ, ಮನೆ ಈಗ ಕೊಡಲಾಗುವುದಿಲ್ಲ” ಎಂದರು. ಮನೆ ಖಾಲಿಯೇ ಇತ್ತು, ಅವರೇ ಮತ್ತೆ ನಮಗೆ ಫೋನ್ ಮಾಡಿ ಬೇರೆಯವರನ್ನು ಕಳುಹಿಸಿ ಎಂದರು. ಎದುರಿಗೆ ಕುಳಿತಿದ್ದ ಆಕೆಗೆ ಎಲ್ಲವೂ ಅರ್ಥವಾಗಿತ್ತು. “ಪರವಾಗಿಲ್ಲ ಅಕ್ಕ, ನನಗೆ ಅಭ್ಯಾಸವಾಗಿದೆ” ಎಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ರಾತ್ರಿಯಿಡೀ ಯಾರದೋ ಮನೆಯವರ ಆರೈಕೆ ಮಾಡಿ ಬರುವ ಹುಡುಗಿಗೆ ತಲೆ ಊರಲು ಒಂದು ಕೋಣೆ ಕೊಡಲು ಹೆಸರು ಅಡ್ಡ ಬರಬೇಕೇ?

ಆ ಹೊತ್ತಿಗೆ ನಮ್ಮ ಕಚೇರಿಯಲ್ಲಿ ಟಿಪ್ಪಣಿಯ ಜಾಗದಲ್ಲಿ ಮಾಲೀಕರ ಇಂಥ ಷರತ್ತುಗಳು ಸಂಕೇತದ ರೂಪದಲ್ಲಿ ಸೇರತೊಡಗಿದ್ದವು. ಸಾಫ್ಟ್‌ವೇರ್‌ನವರು ಸಹಾಯ ಮಾಡುವ ಮನಸ್ಸಿನಿಂದಲೇ, “ಬೇಕಾದರೆ ಸಮುದಾಯ ಎಂಬ ಕಾಲಂ ಸೇರಿಸಿಕೊಡುತ್ತೇವೆ, ಹೊಂದಾಣಿಕೆ ಇನ್ನೂ ನಿಖರವಾಗುತ್ತದೆ” ಎಂದರು. ಬೇಡವೇ ಬೇಡ ಎಂದೆ. ನೋಟ್‌ಬುಕ್ಕಿನ ಕಾಲದಲ್ಲಿ ಈ ಭೇದ ಮಾಡಲು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು, ಹೇಳುವಾಗ ನಾಚಿಕೆಯಾದರೂ ಆಗುತ್ತಿತ್ತು. ಕಾಲಂ ಬಂದರೆ ಆ ಹುಡುಗಿಯ ಪಟ್ಟಿಯಲ್ಲಿ ಮನೆಗಳು ಕಾಣಿಸುವುದೇ ಇಲ್ಲ, ಏಕೆ ಕಾಣಿಸಲಿಲ್ಲ ಎಂದು ಕೇಳಲೂ ಅವಳಿಗೆ ದಾರಿ ಇರುವುದಿಲ್ಲ. ಯಜಮಾನರು ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಬಂದವರೇ ಟಿಪ್ಪಣಿಗಳಲ್ಲಿ ಸೇರಿದ್ದನ್ನೂ ಅಳಿಸಿ ಎಂದರು. ಅವರಿಗೆ ವ್ಯಾಪಾರದ ನಷ್ಟ ಎಷ್ಟೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಈಗ ಮಾಲೀಕರಿಂದ ಮನೆ ಪಡೆಯುವಾಗಲೇ ಒಂದು ಪುಟ ತುಂಬಿಸಿಕೊಳ್ಳುತ್ತೇವೆ. ಎಷ್ಟು ಜನ ಇರಬಹುದು, ಸಾಕುಪ್ರಾಣಿ ಆಗುತ್ತದೆಯೇ, ಎಷ್ಟು ಗಾಡಿ ನಿಲ್ಲಿಸಬಹುದು, ಅಡ್ವಾನ್ಸ್ ಎಷ್ಟು, ಖಾಲಿ ಮಾಡಲು ಎಷ್ಟು ದಿನದ ನೋಟಿಸ್. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಯಾವ ಷರತ್ತನ್ನಾದರೂ ಬರೆಯಬಹುದು. ಇವಕ್ಕೆ ಹೊಂದುವ ಯಾರನ್ನಾದರೂ ಕರೆದುಕೊಂಡು ಬರುತ್ತೇವೆ, ಮನೆ ನೋಡುವ ಮೊದಲು ಹೆಸರು ಹೇಳುವುದಿಲ್ಲ ಎಂದು ತಿಳಿಸುತ್ತೇವೆ. ಒಪ್ಪದವರ ಮನೆಯನ್ನು ಪಟ್ಟಿಗೆ ಸೇರಿಸುವುದಿಲ್ಲ. ಒಳ್ಳೆಯ ಮನೆಗಳು ಕೈತಪ್ಪಿವೆ, ಹಳೆಯ ಪರಿಚಯದ ಮಾಲೀಕರು ಬೇರೆ ಬ್ರೋಕರ್ ಬಳಿ ಹೋಗಿದ್ದಾರೆ. ಬಾಗಿಲಿಗೆ ಹೋದ ಮೇಲೆ ನಿರಾಕರಿಸುವವರು ಈಗಲೂ ಇದ್ದಾರೆ, ಅಂಥ ಮನೆಯನ್ನು ಆ ದಿನವೇ ಪಟ್ಟಿಯಿಂದ ತೆಗೆಯುತ್ತೇವೆ. ಪ್ರತಿ ಕಚೇರಿಯೂ ಇಷ್ಟು ಮಾಡಿದರೆ ಈ ನಗರದಲ್ಲಿ ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.

ನರ್ಸ್ ಹೆಣ್ಣುಮಗಳ ಹುಡುಕಾಟದಲ್ಲಿ ಇನ್ನೊಂದು ವಿಷಯ ತಿಳಿಯಿತು. ಅವಳಿಗೆ ಪಾಳಿ ಕೆಲಸ, ಕೆಲವು ದಿನ ರಾತ್ರಿ ಹನ್ನೊಂದರ ಮೇಲೆ ಮನೆಗೆ ಬರುತ್ತಾಳೆ. ಹೊಂದಿದ್ದ ಎರಡನೆಯ ಮನೆಯಲ್ಲಿ ಹತ್ತು ಗಂಟೆಗೆ ಗೇಟಿಗೆ ಬೀಗ ಬೀಳುತ್ತಿತ್ತು, ಬಾಡಿಗೆದಾರರಿಗೆ ಕೀಲಿ ಕೊಡುವುದಿಲ್ಲ. ‘ಗೇಟಿಗೆ ಬೀಗ ಎಷ್ಟು ಗಂಟೆಗೆ, ಕೀಲಿ ಕೊಡುತ್ತಾರೆಯೇ’ ಎಂಬ ಕಾಲಂ ಆಗ ಸೇರಿತು. ಬಸ್ ನಿಲ್ದಾಣದಿಂದ ಮನೆಯವರೆಗೆ ಬೀದಿದೀಪ ಉರಿಯುತ್ತದೆಯೇ ಎಂಬುದನ್ನು ತಿಳಿಯಲು ಯಜಮಾನರು ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಹೋಗಿ ನೋಡಿಬಂದರು. ಕೊನೆಗೆ ಹೊಂದಿದ್ದು ಒಬ್ಬ ವಿಧವೆ ತಾಯಿಯ ಮನೆಯ ಮೇಲ್ಮಹಡಿ. ಮೆಟ್ಟಿಲು ಹೊರಗಿನಿಂದಲೇ ಇದೆ, ಗೇಟಿನ ಕೀಲಿ ಇಬ್ಬರ ಬಳಿಯೂ ಇರುತ್ತದೆ. ಆ ತಾಯಿ ಹೆಸರು ಕೇಳಿದ್ದು ಬಾಡಿಗೆ ಕರಾರು ಬರೆಸುವಾಗ ಮಾತ್ರ.

ಕರಾರು ಎಲ್ಲರಂತೆ 11 ತಿಂಗಳಿಗೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾಗುತ್ತದೆ. ಅವಧಿ ಮುಗಿಯುವ ಎರಡು ತಿಂಗಳ ಮೊದಲು ಸಾಫ್ಟ್‌ವೇರ್ ನಮಗೆ ನೆನಪಿಸುತ್ತದೆ, ನಾವು ಎರಡೂ ಕಡೆಯವರನ್ನು ವಿಚಾರಿಸುತ್ತೇವೆ. ಅವಳ ಸರದಿ ಬಂದಾಗ ಮೊದಲು ಮಾಲೀಕರಿಗೆ ಫೋನ್ ಮಾಡಿದೆ. ಬಾಡಿಗೆ ಎಷ್ಟು ಏರಿಸುತ್ತೀರಿ ಎಂದು ಕೇಳಿದರೆ ಅವರು, “ಅದೆಲ್ಲ ನಾವಿಬ್ಬರೂ ಆಗಲೇ ಮಾತನಾಡಿಕೊಂಡಾಗಿದೆ, ಐನೂರು ರೂಪಾಯಿ. ನೀವು ಕರಾರು ಪತ್ರ ತಂದು ಕೊಡಿ” ಎಂದರು. ಆ ಮನೆಯ ಸ್ಥಿತಿಯನ್ನು ‘ಮುಂದುವರಿಕೆ’ ಎಂದು ಬದಲಿಸಿ, ಪಟ್ಟಿಯಲ್ಲಿದ್ದ ಮುಂದಿನ ಹೆಸರಿಗೆ ಫೋನ್ ಮಾಡಿದೆ.